ಮೂಸಣ್ಣನ ಏಳನೆಯ ಕರವಸ್ತ್ರ

ಅವನ ನಿಜವಾದ ಹೆಸರು ಅಂಗಡಿಯ ಪರವಾನಗಿ ಪತ್ರದಲ್ಲಿದೆ. ಆ ಪತ್ರ ಕಪಾಟಿನ ಹಿಂದೆ ಬಿದ್ದು ಎಷ್ಟೋ ವರ್ಷವಾಯಿತು. ಬೀದಿಗೆಲ್ಲ ಅವನು ಮೂಸಣ್ಣ. ಹಾಗೆ ಕರೆದರೆ ಅವನಿಗೆ ಬೇಸರವಿಲ್ಲ, ಒಳಗೊಳಗೇ ಹೆಮ್ಮೆ. ಡ್ರೈಕ್ಲೀನಿಂಗ್ ಅಂಗಡಿಯ ಕೌಂಟರಿನ ಹಿಂದೆ ಎತ್ತರದ ಸ್ಟೂಲು ಹಾಕಿ ಕೂತು, ಬಂದ ಬಟ್ಟೆಯನ್ನೆಲ್ಲ ಮೂಗಿಗೆ ಹಿಡಿದು, ಎರಡು ಸಲ ಚಿಕ್ಕದಾಗಿ ಒಂದು ಸಲ ಉದ್ದಕ್ಕೆ ಮೂಸಿ, ಕಣ್ಣು ಮುಚ್ಚಿ, ಕಲೆ ಯಾವುದರದು ಎಂದು ತೀರ್ಪು ಕೊಡುವುದು ಅವನ ಕಸುಬು. ಮೊದಲ ಸಲ ನೋಡಿದವರು ಮೂಗಿನ ಮೇಲೆ ಬೆರಳಿಡುತ್ತಿದ್ದರು. ಎರಡನೆಯ ಸಲ ಬರುವಾಗ ನಾಚಿಕೆಗೆ ಬಟ್ಟೆಯನ್ನು ಮನೆಯಲ್ಲೇ ಒಮ್ಮೆ ಜಾಲಿಸಿ ತರುತ್ತಿದ್ದರು.

ಕಲೆ ಯಾವುದು ಎಂದು ಗಿರಾಕಿಯನ್ನು ಕೇಳಕೂಡದು. ಇದು ಅಂಗಡಿಯ ಮೊದಲ ನಿಯಮ, ಮೂಸಣ್ಣನ ಮಾವ ಹಾಕಿಟ್ಟದ್ದು. ಯಾಕೆಂದರೆ ಗಿರಾಕಿ ಸುಳ್ಳು ಹೇಳುತ್ತಾನೆ. ಪಥ್ಯದಲ್ಲಿರುವವನು ಐಸ್‌ಕ್ರೀಮನ್ನು ಸುಣ್ಣ ಅನ್ನುತ್ತಾನೆ, ಜಾರಿ ಬಿದ್ದವನು ಕೆಸರನ್ನು ಬಣ್ಣ ಅನ್ನುತ್ತಾನೆ, ಪ್ರೀತಿಯಲ್ಲಿ ಬಿದ್ದವನು ಏನನ್ನೂ ಅನ್ನುವುದಿಲ್ಲ. ಅವರ ಮಾತು ನಂಬಿ ಔಷಧಿ ಹಾಕಿದರೆ ಕೋಟು ಹೋಯಿತು. ಆದ್ದರಿಂದ ಮೂಗು ಹೇಳಬೇಕು, ಕೈ ದಾರ ಕಟ್ಟಬೇಕು. ಎಣ್ಣೆ ಜಿಡ್ಡಿಗೆ ಹಳದಿ ದಾರ, ಹಾಲು, ಮೊಟ್ಟೆ, ರಕ್ತಕ್ಕೆ ಕೆಂಪು, ಚಹಾ, ಕಾಫಿ, ಹಣ್ಣಿನ ರಸಕ್ಕೆ ಹಸಿರು, ಶಾಯಿಗೆ ನೀಲಿ. ಏನೆಂದು ತಿಳಿಯದಿದ್ದರೆ ಬಿಳಿ. ದಾರ ಕಟ್ಟಿದ ಬಟ್ಟೆ ಬುಟ್ಟಿಗೆ ಬೀಳುತ್ತದೆ, ಬುಟ್ಟಿ ಹಿಂದಿನ ಕೋಣೆಗೆ ಹೋಗುತ್ತದೆ, ಅಲ್ಲಿ ಯಂತ್ರ ನಡೆಸುವಾತ ದಾರದ ಬಣ್ಣ ನೋಡಿ ಕೆಲಸ ಮಾಡುತ್ತಾನೆ, ಬಾಯಿ ಬಿಡುವುದಿಲ್ಲ. ರಕ್ತದ ಕಲೆಗೆ ತಪ್ಪಿ ಹಳದಿ ಕಟ್ಟಿ ಬಿಸಿ ತಾಗಿಸಿದರೆ ಮುಗಿಯಿತು, ಕಲೆ ಆ ಬಟ್ಟೆಯನ್ನು ಮದುವೆಯಾಗಿಬಿಡುತ್ತದೆ. ಬಿಳಿ ದಾರದ ಉಂಡೆ ಮಾತ್ರ ಮೂವತ್ತೊಂದು ವರ್ಷದಿಂದ ಡ್ರಾಯರಿನಲ್ಲಿ ಹಾಗೇ ಇದೆ. ಮೂಸಣ್ಣ ಅದನ್ನು ಒಂದು ಸಲವೂ ಮುಟ್ಟಿಲ್ಲ. ಅದನ್ನು ಕಂಡರೇ ಅವನಿಗೆ ಅವಮಾನ.

ಹೆಂಡತಿ ಸಿಕ್ಕಿದ್ದೂ ಆ ಮೂಗಿನಿಂದಲೇ. ಆಗ ಅವನು ಬೇರೊಂದು ಲಾಂಡ್ರಿಯಲ್ಲಿ ಇಸ್ತ್ರಿ ಪೆಟ್ಟಿಗೆ ಉಜ್ಜಿಕೊಂಡಿದ್ದ ಹುಡುಗ. ಇವನ ಮೂಗಿನ ಸುದ್ದಿ ಕೇಳಿದ ಮಾವ ಮನೆಗೆ ಕರೆಸಿದರು. ಓದು ಕೇಳಲಿಲ್ಲ, ಸಂಬಳ ಕೇಳಲಿಲ್ಲ. ಕಣ್ಣಿಗೆ ಟವೆಲು ಕಟ್ಟಿ, ಕುರ್ಚಿಯಲ್ಲಿ ಕೂರಿಸಿ, ಒಂದೊಂದೇ ಕರವಸ್ತ್ರವನ್ನು ಮೂಗಿನ ಮುಂದೆ ಹಿಡಿದರು. ಮೊದಲನೆಯದು ಬೂಟ್ ಪಾಲಿಶ್, ಎರಡನೆಯದು ಬೆಣ್ಣೆ, ಮೂರನೆಯದು ಕಿತ್ತಳೆ ಸಿಪ್ಪೆ, ನಾಲ್ಕನೆಯದು ಹಸಿ ಮೊಟ್ಟೆ. ಐದನೆಯದರಲ್ಲಿ ಕಲೆಯೇ ಇರಲಿಲ್ಲ, ಯಾರದೋ ಬೆವರು ಅಷ್ಟೆ. ಆರನೆಯದು ಸೀಮೆಎಣ್ಣೆ. ಅಲ್ಲಿಗೆ ಪರೀಕ್ಷೆ ಮುಗಿಯಬೇಕಿತ್ತು. ಆದರೆ ಮಾವ ತಮ್ಮ ಜೇಬಿನಿಂದಲೇ ಇನ್ನೊಂದನ್ನು ಎಳೆದು ಹಿಡಿದರು. ಮೂಸಣ್ಣ ಎರಡು ಸಲ ಚಿಕ್ಕದಾಗಿ, ಒಂದು ಸಲ ಉದ್ದಕ್ಕೆ ಮೂಸಿದ. “ಟಿಂಚರ್ ಸಾರ್. ಗಾಯಕ್ಕೆ ಹಚ್ಚೋದು,” ಅಂದ. ಮಾವ ಬಾಗಿಲ ಕಡೆ ತಿರುಗಿದ ಸದ್ದು ಕೇಳಿಸಿತು. ಆಮೇಲೆ ಮಾವ, “ಸರಿ. ಮಗಳು ನಿಂದು, ಅಂಗಡೀನೂ ನಿಂದೇ,” ಅಂದರು.

ಈ ಕತೆಯನ್ನು ಮೂಸಣ್ಣ ಬಂದ ಗಿರಾಕಿಗೆಲ್ಲ ಹೇಳಿದ್ದಾನೆ. ಕೋಟು ಕೊಡಲು ಬಂದವರಿಗೆ ಒಮ್ಮೆ, ಒಯ್ಯಲು ಬಂದಾಗ ಇನ್ನೊಮ್ಮೆ. ಮೊದಲಿನ ಆರನ್ನು ಬೇಗ ಬೇಗ ದಾಟಿ ಏಳನೆಯದಕ್ಕೆ ಬಂದು ನಿಲ್ಲುತ್ತಿದ್ದ. “ಪಟ್ಟಿಯಲ್ಲೇ ಇಲ್ಲದ್ದು ಸ್ವಾಮಿ. ಬೇಕಂತಲೇ ನನ್ನ ಕೆಡವೋಕೆ ಹಿಡಿದಿದ್ದು. ಟಿಂಚರ್ ಅಂದೆ. ಮಾವನವರಿಗೆ ಮಾತೇ ಹೊರಡ್ಲಿಲ್ಲ.” ಮಾವನೂ ಸಾಮಾನ್ಯರಲ್ಲ. ಅವರು ಮೂಗಿಗೆ ಹಿಡಿದು ಸುಮ್ಮನಾಗುತ್ತಿರಲಿಲ್ಲ, ಕಲೆಯನ್ನು ನಾಲಿಗೆಯ ತುದಿಗೆ ಮುಟ್ಟಿಸಿ ನೋಡುತ್ತಿದ್ದರು. ಮೂಗನ್ನೂ ದಾಟಿ ಮುಂದೆ ಹೋದ ಮಹಾನುಭಾವರು ಎಂದು ಅಳಿಯ ಮನಸ್ಸಿನಲ್ಲೇ ಕೈ ಮುಗಿಯುತ್ತಿದ್ದ. ಅವರು ತೀರಿಕೊಂಡು ಹತ್ತು ವರ್ಷವಾಯಿತು.

ಇಂಥ ಮೂಗು ಒಂದು ಮಂಗಳವಾರ ಹೋಯಿತು.

ಒಂದು ವಾರ ನೆಗಡಿ ಬಂದಿತ್ತು. ನೆಗಡಿ ಎಲ್ಲರಿಗೂ ಬರುತ್ತದೆ, ಹೋಗುತ್ತದೆ. ಮೂಸಣ್ಣನದು ಹೋಗುವಾಗ ವಾಸನೆಯನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಬೆಳಗ್ಗೆ ಕಾಫಿ ಬಿಸಿನೀರಿನಂತಿತ್ತು. ಸೋಪು ಕಲ್ಲಿನಂತಿತ್ತು. ಮೀನಿನಂಗಡಿಯವನ ಅಂಗಿಯನ್ನು ಮುಖಕ್ಕೆ ಒತ್ತಿ ಹಿಡಿದು ಉಸಿರೆಳೆದ; ಬೀಚಿನ ಗಾಳಿಯೂ ಬರಲಿಲ್ಲ. ಕೈಗೆ ಸಿಕ್ಕ ಹಸಿರು ದಾರ ಕಟ್ಟಿ ಬುಟ್ಟಿಗೆ ಹಾಕಿದ. ಬೀದಿಯ ಆ ತುದಿಯಲ್ಲೇ ಕಿವಿ-ಮೂಗು-ಗಂಟಲಿನ ಡಾಕ್ಟರಿದ್ದಾರೆ, ಆದರೆ ಅವರ ಪ್ಯಾಂಟು ಇವನ ಅಂಗಡಿಗೇ ಬರುತ್ತದೆ ಮತ್ತು ಅವರ ಬಾಯಿ ಎಲ್ಲ ಕಡೆಗೂ ಹೋಗುತ್ತದೆ. ಹಾಗಾಗಿ ಬಸ್ಸು ಹತ್ತಿ ದೂರದ ಡಾಕ್ಟರೊಬ್ಬರ ಬಳಿ ಹೋದ. ಅವರು ಮೂಗಿನೊಳಗೆ ದೀಪ ಬಿಟ್ಟು ನೋಡಿ, “ನೆಗಡಿ ನರಕ್ಕೆ ಪೆಟ್ಟು ಕೊಟ್ಟಿದೆ. ವಾಪಸ್ ಬರಬಹುದು, ಬಾರದೇನೂ ಇರಬಹುದು. ಘಾಟು ವಾಸನೆಗಳನ್ನ ದಿನಾ ಮೂಸ್ತಾ ಇರಿ. ಏನು ಕೆಲಸ ನಿಮ್ದು?” ಎಂದು ಕೇಳಿದರು.

“ಬ್ಯಾಂಕಲ್ಲಿ,” ಅಂದ ಮೂಸಣ್ಣ. ಗಿರಾಕಿ ಸುಳ್ಳು ಹೇಳುತ್ತಾನೆ ಎಂಬ ನಿಯಮ ಅವನಿಗೂ ಅನ್ವಯಿಸುತ್ತದೆ.

“ಹಾಗಾದ್ರೆ ಚಿಂತೆ ಬಿಡಿ. ಆ ಕೆಲಸ ಮೂಗಿಲ್ದೇನೂ ನಡೆಯುತ್ತೆ.”

ಹೆಂಡತಿಗೆ ಹೇಳೋಣವೆಂದು ಎರಡು ಸಲ ಬಾಯಿ ತೆರೆದ. ಎರಡು ಸಲವೂ ಬೇರೇನೋ ಹೇಳಿ ಮುಚ್ಚಿದ. ಅವನ ಕಷ್ಟ ನಮಗೆ ಅರ್ಥವಾಗಬೇಕು. ಈ ಅಂಗಡಿ ಅವಳ ಅಪ್ಪನದು, ಸ್ಟೂಲು ಅವಳ ಅಪ್ಪನದು, ಮನೆಯೂ ಅವಳ ಅಪ್ಪನದು. ಇವನು ತನ್ನದೆಂದು ತಂದದ್ದು ಒಂದು ಪೆಟ್ಟಿಗೆ ಬಟ್ಟೆ ಮತ್ತು ಒಂದು ಮೂಗು. ಬಟ್ಟೆ ಹರಿದು ಹೋಯಿತು. ಈಗ ಮೂಗೂ ಇಲ್ಲವೆಂದರೆ ಈ ಮನೆಯಲ್ಲಿ ತಾನು ಯಾರು? ಮೂಗು ನೋಡಿ ಮಗಳನ್ನು ಕೊಟ್ಟ ಮನೆ ಅದು. ಮೂಗಿಲ್ಲದ ಅಳಿಯನಿಗೆ ಅಲ್ಲಿ ಜಾಗವೆಲ್ಲಿ? ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವನ ಹಾಗೆ ಅವನು ಉಗುಳಲಾರದೆ ನುಂಗಲಾರದೆ ಸ್ಟೂಲಿನ ಮೇಲೆ ಕೂತ.

ಕೂತು, ಊಹಿಸಿದ. ಬಟ್ಟೆಯನ್ನು ಎಂದಿನಂತೆ ಮೂಸಿದ ಹಾಗೆ ಮಾಡಿ, ಓರೆಗಣ್ಣಿನಲ್ಲಿ ಗಿರಾಕಿಯ ಮುಖ ನೋಡಿ ದಾರ ಕಟ್ಟಿದ. ಬೇಕರಿಯವನ ಏಪ್ರನ್ನಿಗೆ ಹಳದಿ, ಬೆಣ್ಣೆಯಲ್ಲದೆ ಇನ್ನೇನು. ಟೀಚರಮ್ಮನ ಶಾಲಿಗೆ ನೀಲಿ. ಮಗು ಎತ್ತಿಕೊಂಡು ಬಂದವಳ ಜಾಕೆಟ್ಟಿಗೆ ಕೆಂಪು, ಹಾಲಿರಲೇಬೇಕು. ಎರಡು ದಿನ ಬಿಟ್ಟು ಬಟ್ಟೆಗಳು ಹಿಂದಿನ ಕೋಣೆಯಿಂದ ಬಂದವು, ಎಲ್ಲವೂ ಹೊಸದರಂತೆ. ಮರುದಿನವೂ ಹಾಗೇ. ಆ ವಾರವಿಡೀ ಹಾಗೇ. ಮೂರು ವಾರವಾಯಿತು, ಒಂದು ದಾರವೂ ತಪ್ಪಲಿಲ್ಲ.

ಮನುಷ್ಯ ಏನು ಮಾಡುತ್ತಾನೆ? ಮೊದಲ ವಾರ ದೇವರಿಗೆ ಕೈ ಮುಗಿದ. ಎರಡನೆಯ ವಾರ ತನ್ನ ಅನುಭವಕ್ಕೆ ಕೈ ಮುಗಿದ. ಮೂರನೆಯ ವಾರ ಕನ್ನಡಿಯ ಮುಂದೆ ನಿಂತು, ಇಷ್ಟು ವರ್ಷ ಸುಮ್ಮನೆ ಮೂಗಿಗೆ ಕೆಲಸ ಕೊಟ್ಟೆನಲ್ಲ, ಇದೆಲ್ಲ ತಲೆಯದೇ ಪ್ರತಾಪ, ಎಂದುಕೊಂಡ. ಅದೇ ಮೂರು ವಾರದಲ್ಲಿ ಹೆಂಡತಿ ಹಣೆಗೆ ಮುಲಾಮು ಬಳಿದುಕೊಂಡು ಓಡಾಡುತ್ತಿದ್ದಳು. ಕೌಂಟರಿನ ಮೇಲೆ ಸದಾ ಆ ಪುಟ್ಟ ಡಬ್ಬಿ. “ತಲೆನೋವಾ?” ಎಂದು ಇವನು ಕೇಳಿದರೆ, “ಹೂಂ, ಸ್ವಲ್ಪ,” ಅನ್ನುತ್ತಿದ್ದಳು. ಬಿಸಿಲಿಗೆ ಇರಬೇಕು ಎಂದು ಇವನೇ ಉತ್ತರವನ್ನೂ ಹೇಳಿ ಮುಗಿಸುತ್ತಿದ್ದ.

ಹೀಗಿರುವಾಗ ಹಲ್ಲಿನ ಡಾಕ್ಟರು ಬಂದರು. ಅವರ ಕೈಯಲ್ಲೊಂದು ಉಣ್ಣೆಯ ಕೋಟು, ಎಡತೋಳು ಮೊಣಕೈವರೆಗೆ ಕಂದಾಗಿತ್ತು. ಹಲ್ಲಿನ ಡಾಕ್ಟರಲ್ಲವೆ, ಲವಂಗದ ಎಣ್ಣೆ ಚೆಲ್ಲಿರಬೇಕು ಎಂದು ಮೂಸಣ್ಣ ಮೂಸಿದಂತೆ ಮಾಡಿ ಹಳದಿ ದಾರ ಕಟ್ಟಿ ಬುಟ್ಟಿಗೆ ಹಾಕಿದ. ಡಾಕ್ಟರು ಹೋಗಲಿಲ್ಲ. ಕೌಂಟರಿಗೆ ಮೊಣಕೈ ಊರಿದರು.

“ಮೂಸಣ್ಣ, ನಿಮ್ಮ ಮೂಗು ಒಂದು ಗಂಟೆ ಬೇಕಿತ್ತಲ್ಲ.”

ವಿಷಯ ಇಷ್ಟು. ಡಾಕ್ಟರು, ರಸ್ತೆ ಹಾಕಿಸುವ ಇಂಜಿನಿಯರು ಮತ್ತು ಗಡಿಯಾರದಂಗಡಿಯ ಯಜಮಾನರು, ಈ ಮೂವರದೊಂದು ಸಂಘವಿತ್ತು. ತಿಂಗಳಿಗೊಂದು ಭಾನುವಾರ ಸೇರಿ ಒಂದು ಒಳ್ಳೆಯ ವಿಸ್ಕಿಯನ್ನು ಹನಿ ಹನಿಯಾಗಿ ರುಚಿ ನೋಡುವುದು, ಕಂಡದ್ದನ್ನು ಪುಸ್ತಕದಲ್ಲಿ ಬರೆಯುವುದು. ಈ ಸಲ ಸ್ಕಾಟ್ಲೆಂಡಿನ ಸಿಂಗಲ್ ಮಾಲ್ಟೊಂದು ಬಂದಿತ್ತು, ಹದಿನಾರು ವರ್ಷ ಪೀಪಾಯಿಯಲ್ಲಿ ಮಲಗಿ ಎದ್ದದ್ದು. ಮೂವರೂ ಮೂಸಿದರು, ಮೂವರೂ ಜಗಳಕ್ಕೆ ಬಿದ್ದರು. ಒಬ್ಬರು ಕಂಡದ್ದು ಇನ್ನೊಬ್ಬರಿಗೆ ಕಾಣಲಿಲ್ಲ. ಪುಸ್ತಕ ಕಿತ್ತಾಡುವಾಗ ಲೋಟ ಉರುಳಿ ಕೋಟಿನ ತೋಳು ತೊಯ್ದಿತ್ತು. ಇಂಜಿನಿಯರೂ ಗಡಿಯಾರದವರೂ ಆವತ್ತಿನಿಂದ ಮಾತು ಬಿಟ್ಟಿದ್ದಾರೆ. ಬಾಟಲಿಯಲ್ಲಿ ಅರ್ಧ ಉಳಿದಿದೆ, ಸಂಘ ಅಷ್ಟೂ ಉಳಿದಿಲ್ಲ.

“ನೀವು ಬಂದು ತೀರ್ಪು ಕೊಟ್ರೆ ಎಲ್ಲರೂ ಒಪ್ತೀವಿ ಅಂತ ಮಾತಾಗಿದೆ. ನಿಮ್ಮ ಮೂಗಿನ ಮೇಲೆ ಯಾರಿಗೂ ತಕರಾರಿಲ್ಲ.”

“ಅಯ್ಯೋ ಡಾಕ್ಟ್ರೇ, ನಾನು ಜೀವಮಾನದಲ್ಲಿ ಅದನ್ನ ಮುಟ್ಟಿದವನಲ್ಲ,” ಎಂದು ಮೂಸಣ್ಣ ಹಿಂದೆ ಸರಿದ.

“ಅದಕ್ಕೇ ಬೇಕು ನೀವು. ಪಕ್ಷಪಾತ ಇರಲ್ಲ.”

ಮೂಸಣ್ಣ ಬಾಯಿ ತೆರೆದು ನೆಪ ಹುಡುಕುತ್ತಿದ್ದಂತೆ, ಬುಟ್ಟಿಯ ಬಳಿ ಬಗ್ಗಿದ್ದ ಹೆಂಡತಿ ತಲೆ ಎತ್ತಿ, “ಬರ್ತಾರೆ ಡಾಕ್ಟ್ರೇ. ಭಾನುವಾರ ತಾನೇ, ನಾನೇ ಕಳಿಸ್ತೀನಿ,” ಅಂದಳು. ಮೂಸಣ್ಣನಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ಹೆಂಡತಿಯೇ ಗಂಡನನ್ನು ಕುಡಿಯಲು ಕಳಿಸುವ ಮನೆ ಯಾವುದಿದೆ?

ಭಾನುವಾರ ನಾಲ್ಕು ಗಂಟೆಗೆ ಅವನು ಕ್ಲಿನಿಕ್ಕಿನ ಮೇಲಿನ ಮನೆಯ ಮೆಟ್ಟಿಲು ಹತ್ತಿದ. ಊಟದ ಮೇಜಿಗೆ ಬಿಳಿ ಹೊದಿಕೆ, ಮೇಲೆ ಹೊಟ್ಟೆ ದಪ್ಪ ಬಾಯಿ ಸಣ್ಣಗಿನ ನಾಲ್ಕು ಗಾಜಿನ ಲೋಟ, ಒಂದು ಹೂಜಿ ನೀರು, ಎರಡು ಹಾಳೆ ಹರಿದ ಪುಸ್ತಕ. ಚೀಟಿ ಕಾಣದಂತೆ ಬಾಟಲಿಗೆ ಡಾಕ್ಟರು ಹಳೆಯ ಕಾಲುಚೀಲ ತೊಡಿಸಿದ್ದರು. “ಇದರಲ್ಲಿ ಏನಿದೆ ಅಂತ ಮೊದಲೇ ಓದಿಬಿಟ್ರೆ ತೀರ್ಪಿಗೆ ಬೆಲೆ ಇರಲ್ಲ. ನಿಮ್ಮ ಅಂಗಡಿ ನಿಯಮಾನೇ, ಕೇಳೋ ಹಾಗಿಲ್ಲ,” ಅಂದರು. ಇಂಜಿನಿಯರು ಮೇಜಿನ ಒಂದು ತುದಿ, ಗಡಿಯಾರದವರು ಇನ್ನೊಂದು ತುದಿ. ಇಬ್ಬರೂ ಮೂಸಣ್ಣನ ಮೂಲಕವೇ ಮಾತಾಡಿದರು.

ಲೋಟಕ್ಕೆ ಎರಡೆರಡು ಬೆರಳಿನಷ್ಟು ಬಿತ್ತು. ಜೇನಿಗಿಂತ ಗಾಢ, ಹಳೆ ಪೀಠೋಪಕರಣದ ಬಣ್ಣ. ಮೂವರೂ ಲೋಟದೊಳಗೆ ಮೂಗಿಟ್ಟು ಕಣ್ಣು ಮುಚ್ಚಿದರು.

“ಟಾರು. ಬಿಸಿ ಟಾರು, ಆಗಷ್ಟೇ ಹಾಸಿದ್ದು,” ಅಂದರು ಇಂಜಿನಿಯರು.

“ಲವಂಗ. ಆಮೇಲೆ ಆಸ್ಪತ್ರೆ ನೆಲ ಒರೆಸಿದ ಹಾಗೆ,” ಅಂದರು ಡಾಕ್ಟರು.

“ಮೂಸಣ್ಣ, ಅವರಿಗೆ ಹೇಳಿ. ಒಣದ್ರಾಕ್ಷಿ, ಚರ್ಮದ ಬೆಲ್ಟು. ಹಳೇ ಕೈಗಡಿಯಾರದ ಬೆಲ್ಟು,” ಅಂದರು ಗಡಿಯಾರದವರು.

ಎಲ್ಲರೂ ತಮ್ಮ ತಮ್ಮ ಮೂಗಿನ ನೇರಕ್ಕೆ ಮಾತಾಡುವವರೇ. ಮೂಸಣ್ಣ ಲೋಟ ಎತ್ತಿದ, ಎರಡು ಸಲ ಚಿಕ್ಕದಾಗಿ, ಒಂದು ಸಲ ಉದ್ದಕ್ಕೆ. ಏನೂ ಇಲ್ಲ. ಖಾಲಿ ಕೋಣೆಗೆ ಬಾಗಿಲು ತೆರೆದ ಹಾಗೆ. ಆದರೆ ಆಗ ಅವನ ತಲೆಯಲ್ಲೊಂದು ದೀಪ ಹತ್ತಿತು. ಇಷ್ಟು ಓದಿದವರು, ಟಾರಿನ ವಾಸನೆಯದನ್ನು, ಆಸ್ಪತ್ರೆ ನೆಲದ ವಾಸನೆಯದನ್ನು, ಕೊಂಡು ತಂದು ಕುಡಿಯುತ್ತಾರೆಯೆ? ಸಾಧ್ಯವೇ ಇಲ್ಲ. ಇವರಿಗೂ ಮೂಗು ಹೋಗಿದೆ. ಮೂವರಿಗೂ ನನ್ನದೇ ರೋಗ, ಒಬ್ಬರಿಗೊಬ್ಬರು ಹೇಳಿಕೊಂಡಿಲ್ಲ, ಅಷ್ಟೆ. ಪಾಪ, ಬಾಯಿಗೆ ಬಂದದ್ದು ಹೇಳಿ ಮರ್ಯಾದೆ ಉಳಿಸಿಕೊಳ್ಳುತ್ತಿದ್ದಾರೆ. ಮೂರು ವಾರದಲ್ಲಿ ಮೊದಲ ಬಾರಿಗೆ ಮೂಸಣ್ಣನಿಗೆ ಬಂಧುಗಳ ನಡುವೆ ಕೂತಂತಾಯಿತು.

“ಒಗೆದು ಬಿಸಿಲಿಗೆ ಹಾಕಿದ ಹತ್ತಿ ಬಟ್ಟೆ,” ಅಂದ, ಧೈರ್ಯವಾಗಿ.

ಮೂವರೂ ತಲೆ ಎತ್ತಿದರು. “ಎಲ್ಲಿ?” ಎಂದು ಕೇಳಿದರು ಇಂಜಿನಿಯರು.

“ತಳದಲ್ಲಿದೆ. ಅವಸರ ಮಾಡಿದ್ರೆ ಸಿಗಲ್ಲ.”

ಮೂರು ಮೂಗುಗಳು ಮತ್ತೆ ಲೋಟಕ್ಕಿಳಿದವು. ಒಂದು ನಿಮಿಷವಾಯಿತು. “ಹೌದು,” ಅಂದರು ಡಾಕ್ಟರು ಮೆಲ್ಲಗೆ. “ಇದೆ. ಸಣ್ಣಗೆ ಇದೆ.” “ನಂಗೆ ಆಗ್ಲೇ ಬಂದಿತ್ತು, ಹೇಳಿರ್ಲಿಲ್ಲ,” ಅಂದರು ಗಡಿಯಾರದವರು. ಇಂಜಿನಿಯರು ಪುಸ್ತಕದಲ್ಲಿ ಬರೆದುಕೊಂಡರು. ಮೂಸಣ್ಣನಿಗೆ ಅನುಮಾನವೇ ಉಳಿಯಲಿಲ್ಲ. ಉತ್ಸಾಹ ತಡೆಯಲಾರದೆ, “ಕೊನೇ ಸಲ ಜಾಲಿಸುವಾಗ ಸ್ವಲ್ಪ ನೀಲ ಹಾಕಿದ್ದಾರೆ,” ಅಂದ. ಅದನ್ನೂ ಬರೆದರು. ನೀಲ ಎಷ್ಟು ಎಂದು ಕೇಳಿ, ಅರ್ಧ ಚಮಚ ಎಂದು ಆವರಣದಲ್ಲಿ ಸೇರಿಸಿದರು.

“ಈಗ ನಾಲ್ಕು ಹನಿ ನೀರು ಬಿಟ್ಟು ಒಂದು ಗುಟುಕು,” ಅಂದರು ಡಾಕ್ಟರು. “ನಾಲಿಗೆ ಮೇಲೆ ಉರುಳಿಸಿ, ನುಂಗಿ, ಮೂಗಿನಿಂದ ಉಸಿರು ಬಿಡಿ. ಕುಡೀಬೇಡಿ, ರುಚಿ ನೋಡಿ.”

ಮೂಸಣ್ಣ ಹೆಂಡತಿಯನ್ನು ನೆನೆದು ಒಂದು ಗುಟುಕು ಹಾಕಿದ. ನಾಲಿಗೆ ಉರಿಯಿತು, ಗಂಟಲು ಉರಿಯಿತು, ಕಿವಿಯೊಳಗೆ ಯಾರೋ ಬಿಸಿಯೂದಿದಂತಾಯಿತು. ನುಂಗಿದ. ಮೂಗಿನಿಂದ ಉಸಿರು ಬಿಟ್ಟ. ಬಿಟ್ಟವನು ಹಾಗೇ ಕಲ್ಲಾದ. ಗಂಟಲ ಹಿಂಬದಿಯಿಂದ, ಹಿತ್ತಿಲ ಬಾಗಿಲಿನಿಂದ ಬಂದ ಹಾಗೆ, ಒಂದು ವಾಸನೆ ಒಳಗೆ ನುಗ್ಗಿತು. ಹೊಗೆ.

ಮೂವತ್ತೊಂದು ವರ್ಷ ಇಸ್ತ್ರಿ ಪೆಟ್ಟಿಗೆಗಳ ನಡುವೆ ಬಾಳಿದವನಿಗೆ ಹೊಗೆ ಬಂದರೆ ಯೋಚನೆ ಬರುವುದಿಲ್ಲ, ಕಾಲು ಬರುತ್ತದೆ. ಅಂಗಡಿಯ ಎರಡನೆಯ ನಿಯಮ: ಮೊದಲು ಕರೆಂಟು ತೆಗಿ, ಆಮೇಲೆ ಯಾರ ಕೋಟೆಂದು ನೋಡು. “ಉಣ್ಣೆ ಸುಡ್ತಾ ಇದೆ, ಏಳಿ ಏಳಿ,” ಎಂದು ಕುರ್ಚಿ ಕೆಡವಿ ಎದ್ದ. ಗೋಡೆಯ ಮೇನ್ ಸ್ವಿಚ್ಚು ಎಳೆದ, ಕಿಟಕಿಯ ಪರದೆಗಳನ್ನು ಕಿತ್ತು ಬಚ್ಚಲಿಗೆ ಎಸೆದ, ಒಳಕೋಣೆಯಲ್ಲಿ ತಣ್ಣಗೆ ನಿಂತಿದ್ದ ಇಸ್ತ್ರಿ ಪೆಟ್ಟಿಗೆಯ ಮೇಲೆ ಹೂಜಿ ನೀರನ್ನೆಲ್ಲ ಸುರಿದ. ಅದರ ಕೆಳಗೆ ಡಾಕ್ಟರ ಸೋಮವಾರದ ಪ್ಯಾಂಟಿತ್ತು. ಆಮೇಲೆ ಮೂವರನ್ನೂ ಕುರಿಗಳಂತೆ ಅಟ್ಟಿಕೊಂಡು ಮೆಟ್ಟಿಲಿಳಿಸಿ ಬೀದಿಗೆ ತಂದ.

ಬೀದಿಯಲ್ಲಿ ಬಿಸಿಲಿತ್ತು, ಒಂದು ನಾಯಿ ಇತ್ತು, ಹೊಗೆ ಇರಲಿಲ್ಲ. ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ ಎನ್ನುತ್ತಾರೆ, ಇಲ್ಲಿ ಎರಡೂ ಕಾಣಲಿಲ್ಲ. ಮೂವರು ದೊಡ್ಡ ಮನುಷ್ಯರು ಫುಟ್‌ಪಾತಿನ ಮೇಲೆ ಸಾಲಾಗಿ ನಿಂತಿದ್ದರು, ಮೂವರ ಕೈಯಲ್ಲೂ ಲೋಟ. ಜೀವ ಕೈಯಲ್ಲಿ ಹಿಡಿದು ಓಡಿದರೂ ಒಬ್ಬರೂ ಲೋಟ ಬಿಟ್ಟು ಓಡಿರಲಿಲ್ಲ.

ಮೂಸಣ್ಣ ಗಾಳಿಯನ್ನು ಮೂಸಿದ, ಬಾಗಿಲನ್ನು ಮೂಸಿದ, ಡಾಕ್ಟರ ಭುಜ ಮೂಸಿದ. ಕೊನೆಗೆ ಇಂಜಿನಿಯರ ಲೋಟದ ಬಳಿ ಬಂದು ನಿಂತ. “ಇದರೊಳಗೆ ಸುಡ್ತಾ ಇದೆ,” ಅಂದ, ದಂಗಾಗಿ.

“ಸುಡ್ಲೇಬೇಕಲ್ಲ,” ಅಂದರು ಡಾಕ್ಟರು, ಏದುಸಿರು ಬಿಡುತ್ತ. “ಅದಕ್ಕೇ ತಂದಿದ್ದು. ಜೌಗು ನೆಲದಲ್ಲಿ ಹುಲ್ಲು ಬೇರು ಕೊಳೆತು ಒಂಥರಾ ಮಣ್ಣಾಗಿರುತ್ತೆ, ಪೀಟ್ ಅಂತಾರೆ. ಅದನ್ನ ಅಗೆದು, ಒಣಗಿಸಿ, ಉರಿಸಿ, ಆ ಹೊಗೇಲಿ ಬಾರ್ಲಿ ಒಣಗಿಸ್ತಾರೆ. ಆಮೇಲೆ ಶೆರ್ರಿ ಅನ್ನೋ ದ್ರಾಕ್ಷಾರಸ ಇದ್ದ ಪೀಪಾಯಲ್ಲಿ ವರ್ಷಗಟ್ಟಲೆ ಇಡ್ತಾರೆ. ಹೊಗೇನೂ ಬಂತು, ದ್ರಾಕ್ಷೀನೂ ಬಂತು.”

“ಹೊಗೆ,” ಅಂದರು ಇಂಜಿನಿಯರು. “ನಾನು ಟಾರು ಅಂದದ್ದು ಅದನ್ನೇ.”

“ನಾನು ಚರ್ಮ ಅಂದದ್ದೂ ಅದನ್ನೇ,” ಅಂದರು ಗಡಿಯಾರದವರು, ನೇರವಾಗಿ ಇಂಜಿನಿಯರಿಗೇ. ತಿಂಗಳಾದ ಮೇಲೆ ಮೊದಲ ಮಾತು ಅದು. ಮೂವರೂ ಒಂದೇ ಹೊಗೆಯನ್ನು ಮೂರು ಕಡೆಯಿಂದ ಹಿಡಿದು ಎಳೆದಾಡಿದ್ದರು.

ಸಂಘ ಅಲ್ಲೇ ಬೀದಿಯಲ್ಲಿ ಒಂದಾಯಿತು. ಆದರೆ ಮೂಸಣ್ಣ ಅದನ್ನು ನೋಡುತ್ತಿರಲಿಲ್ಲ. ಮೂಗು ಬಂದಿದೆ ಎಂದು ಅವನಿಗೆ ಆಗಷ್ಟೇ ಹೊಳೆದಿತ್ತು. ಕಣ್ಣಲ್ಲಿ ನೀರು ತುಂಬಿಕೊಂಡು ಗಡಿಯಾರದವರ ಕಾಲರ್ ಮೂಸಿದ, ಅಂಚೆ ಡಬ್ಬಿ ಮೂಸಿದ, ನಾಯಿಯನ್ನು ಮೂಸಿದ. ನಾಯಿ ಸೌಜನ್ಯಕ್ಕೆ ಅವನನ್ನೂ ಮೂಸಿತು. ಎಲ್ಲ ವಾಸನೆಗಳೂ ಮರಳಿರಲಿಲ್ಲ, ಘಾಟಿನವು ಮಾತ್ರ ಬಂದಿದ್ದವು. ಸಾಲದೆಂದು ಇಂಜಿನಿಯರ ಕೈಯ ಲೋಟವನ್ನೇ ಎತ್ತಿ ಮತ್ತೆ ಉದ್ದಕ್ಕೆ ಮೂಸಿದ. ಹೊಗೆಯ ಹಿಂದೆ, ಒಣದ್ರಾಕ್ಷಿಯ ಪಕ್ಕದಲ್ಲಿ, ಇನ್ನೇನೋ ಇತ್ತು. ಇದು ಅವನಿಗೆ ಗೊತ್ತು. ಕಣ್ಣಿಗೆ ಟವೆಲು ಕಟ್ಟಿಕೊಂಡು, ಕುರ್ಚಿಯಲ್ಲಿ ಕೂತು, ಉಸಿರೆಳೆದಾಗ ಬಂದದ್ದು.

ಏಳನೆಯ ಕರವಸ್ತ್ರ.

ಟಿಂಚರ್ ಅಲ್ಲ. ಟಿಂಚರಿನ ಹಾಗೆಯೇ ಇದೆ, ಆದರೆ ಅಲ್ಲ. ಆವತ್ತು ಅವನು ತಪ್ಪು ಹೇಳಿದ್ದ. ಮೂಗು ಬಂದ ಸಂತೋಷ ಹತ್ತು ನಿಮಿಷವೂ ಉಳಿಯಲಿಲ್ಲ. ಮೂವತ್ತೊಂದು ವರ್ಷ ಕಂಡಕಂಡವರಿಗೆಲ್ಲ ಕೊಚ್ಚಿಕೊಂಡ ಜಯ ಜಯವೇ ಅಲ್ಲ. ಸೋತವನಿಗೆ ಹೆಣ್ಣು ಕೊಟ್ಟಿದ್ದಾರೆ. ಹಾಗಾದರೆ ಮಾವ ಸರಿ ಎಂದದ್ದೇಕೆ? ಪರದೆಗಳನ್ನು ತಾನೇ ಒಗೆದು ಕೊಡುತ್ತೇನೆ ಎಂದು ಹೇಳಿ, ಒದ್ದೆ ಪ್ಯಾಂಟನ್ನೂ ಕಂಕುಳಲ್ಲಿ ಸಿಕ್ಕಿಸಿಕೊಂಡು ಅವನು ಮನೆಯ ಕಡೆ ಹೊರಟ. ಈ ಸಲ ಎರಡನ್ನೂ ಹೇಳಿಬಿಡಬೇಕು, ಮೂರು ವಾರದ್ದನ್ನೂ ಮೂವತ್ತೊಂದು ವರ್ಷದ್ದನ್ನೂ. ಆಮೇಲೆ ಅವಳು ಸ್ಟೂಲಿನಿಂದ ಇಳಿಸಿದರೆ ಇಳಿಯುವುದು.

ಅಂಗಡಿಯ ಬಾಗಿಲು ಅರ್ಧ ಎಳೆದಿತ್ತು. ಹೆಂಡತಿ ಒಳಗೆ ಸೋಮವಾರದ ಬುಟ್ಟಿಯ ಮುಂದೆ ನೆಲದ ಮೇಲೆ ಕೂತಿದ್ದಳು. ಇವನು ಬಂದದ್ದು ಅವಳಿಗೆ ಕೇಳಲಿಲ್ಲ. ಒಂದು ಅಂಗಿಯನ್ನು ಮೂಗಿಗೆ ಹಿಡಿದಿದ್ದಳು. ಎರಡು ಸಲ ಚಿಕ್ಕದಾಗಿ, ಒಂದು ಸಲ ಉದ್ದಕ್ಕೆ. ಆಮೇಲೆ ಮೂಸಣ್ಣ ಕಟ್ಟಿದ್ದ ನೀಲಿ ದಾರ ಬಿಚ್ಚಿ, ಹಸಿರು ಕಟ್ಟಿ, ಹಣೆ ಒತ್ತಿಕೊಂಡಳು.

ಮೂಸಣ್ಣ ಬುಟ್ಟಿಯಿಂದ ಇನ್ನೊಂದು ಬಟ್ಟೆ ಎತ್ತಿ ಅದರ ದಾರ ಮೂಸಿದ. ಮುಲಾಮು. ಇನ್ನೊಂದು ದಾರ, ಅದರಲ್ಲೂ ಮುಲಾಮು. ಡಾಕ್ಟರ ಕೋಟು ಶುಭ್ರವಾಗಿ ಗೂಟಕ್ಕೆ ತೂಗುತ್ತಿತ್ತು. ಅವನು ಕಟ್ಟಿದ ಹಳದಿ ದಾರದ ಜಾಗದಲ್ಲಿ ಹಸಿರು ದಾರ, ಅದರಲ್ಲೂ ಅದೇ ಘಾಟು. ಮೂರು ವಾರದ ದೇವರು, ಅನುಭವ, ತಲೆ, ಎಲ್ಲ ಪ್ರತಾಪವೂ ನೆಲದ ಮೇಲೆ ಕಾಲು ಚಾಚಿ ಕೂತಿತ್ತು.

“ಮೂಗು ಬಂತಾ?” ಎಂದು ಕೇಳಿದಳು, ತಿರುಗಿ ನೋಡಿ.

“ನಿಂಗೆ ಗೊತ್ತಿತ್ತಾ?”

“ಮೀನಿನವನ ಅಂಗಿಗೆ ಹಸಿರು ದಾರ ಕಟ್ಟಿದ್ರಲ್ಲ, ಆವತ್ತೇ. ಕೇಳಿದ್ರೆ ನಿಮಗೆ ನಾಚಿಕೆ ಆಗುತ್ತೆ ಅಂತ ಕೇಳ್ಲಿಲ್ಲ. ಡಾಕ್ಟ್ರ ಕೋಟಲ್ಲಿ ಆ ವಾಸನೆ ಬಂತು ನೋಡಿ, ಅಷ್ಟು ಘಾಟಿರೋದು ಒಳಗೆ ಹೋದ್ರಾದ್ರೂ ಮೂಗು ಬಿಟ್ಟೀತು ಅಂತ ಕಳಿಸ್ದೆ. ಅಪ್ಪಂದೂ ಅದೇ ಔಷಧಿ.”

“ಯಾವ ಔಷಧಿ?”

“ಕೆಮ್ಮಿನ ಔಷಧಿ. ಹಡಗಿನ ಕ್ಯಾಪ್ಟನ್ ಒಬ್ರು ಯೂನಿಫಾರಂ ಕೊಡೋಕೆ ಬಂದಾಗೆಲ್ಲ ಒಂದು ಬಾಟ್ಲಿ ತಂದು ಕೊಡೋರು. ಅಪ್ಪಂಗೆ ವರ್ಷಪೂರ್ತಿ ಕೆಮ್ಮು. ಬಾಯಿ ಒರೆಸಿದ ಕರವಸ್ತ್ರ ಜೇಬಲ್ಲೇ ಇರ್ತಿತ್ತು.”

ಮೂಸಣ್ಣ ಸ್ಟೂಲಿನ ಮೇಲೆ ಕೂರಲಿಲ್ಲ, ಅವಳ ಪಕ್ಕ ನೆಲದ ಮೇಲೆ ಕೂತ. “ನಾನು ಟಿಂಚರ್ ಅಂದೆ,” ಅಂದ. “ಅವರು ಸರಿ ಅಂದ್ರು.”

“ಜೇಬಿಂದ ಬಂದದ್ದು ಯಾವ ಕರವಸ್ತ್ರ ಅಂತ ಅಪ್ಪಂಗೇನು ಗೊತ್ತಿತ್ತು? ಅವರ ಮೂಗು ಹೋಗಿ ಆಗ್ಲೇ ಐದು ವರ್ಷ ಆಗಿತ್ತು. ನಾಲಿಗೇಲಿ ಮುಟ್ಟಿ ನೋಡ್ತಿದ್ರಲ್ಲ, ಮತ್ಯಾಕೆ ಅಂದ್ಕೊಂಡ್ರಿ? ಅಂಗಡೀಲಿ ಮೂಸ್ತಾ ಇದ್ದೋಳು ನಾನು. ಬೆಳಗ್ಗೆಯಿಂದ ಸಾಯಂಕಾಲದವರೆಗೆ, ಬುಟ್ಟಿ ಮುಂದೆ. ನಿಮ್ಮ ಕಣ್ಣಿಗೆ ಟವೆಲ್ ಕಟ್ಟಿದಾಗ ಬಾಗಿಲ ಹತ್ರ ನಿಂತು ತಲೆ ಆಡಿಸ್ತಿದ್ದೋಳೂ ನಾನೇ. ನಾನು ಹೂಂ ಅಂದ್ರೆ ಅಪ್ಪ ಸರಿ ಅನ್ನೋರು.”

“ಏಳನೇದಕ್ಕೂ ಹೂಂ ಅಂದ್ಯಾ?”

“ಉಹೂಂ ಅಂದಿದ್ರೆ ನೀವು ಹೊರಟುಹೋಗ್ತಿದ್ರಿ. ನಿಜ ಹೇಳಿದ್ರೆ ಕೆಮ್ಮಿನ ಔಷಧಿ ಏನು ಅಂತ ಅಮ್ಮಂಗೆ ಗೊತ್ತಾಗ್ತಿತ್ತು.” ಅವಳು ನಕ್ಕಳು. ಆಮೇಲೆ ಕೈಯಲ್ಲಿದ್ದ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಹೇಳಿದಳು: “ಅದೂ ಅಲ್ದೆ, ನಾನು ಏಳನೇದರವರೆಗೆ ಕಾದಿರ್ಲಿಲ್ಲ. ಐದನೇದಕ್ಕೇ ತೀರ್ಮಾನ ಮಾಡಿದ್ದೆ.”

“ಐದನೇದರಲ್ಲಿ ಏನೂ ಇರ್ಲಿಲ್ವಲ್ಲ.”

“ಐದನೇದು ನಂದು. ಅಪ್ಪ ಸುಮ್ನೆ ಮಧ್ಯದಲ್ಲಿ ಸೇರಿಸಿದ್ರು, ನೀವು ಎಡವ್ತೀರೇನೋ ನೋಡೋಕೆ. ನೀವು ಮೂಸಿ, ಇದ್ರಲ್ಲಿ ಕಲೆ ಇಲ್ಲ ಸಾರ್, ಯಾರೋ ದುಡಿದು ದುಡಿದು ದಣಿದಿದ್ದಾರೆ, ಪಾಪ, ಅಂದ್ರಿ. ಆ ಮನೇಲಿ ಅಲ್ಲಿವರೆಗೆ ಯಾರೂ ನನಗೆ ಪಾಪ ಅಂದಿರ್ಲಿಲ್ಲ.”

ಮೂಸಣ್ಣನಿಗೆ ಅಂದದ್ದು ನೆನಪೇ ಇರಲಿಲ್ಲ. ಅವಳ ಕೈ ಹಿಡಿದುಕೊಂಡು ಮೂಗಿಗೆ ಒತ್ತಿಕೊಂಡ. ಮುಲಾಮು, ಬರೀ ಮುಲಾಮು. ಅದರ ಕೆಳಗಿನ ವಾಸನೆ ಅವನಿಗಿನ್ನೂ ಬಂದಿರಲಿಲ್ಲ. ಅದು ಬರಲು ಇನ್ನೂ ಎರಡು ತಿಂಗಳು ಹಿಡಿಯಿತು.

ಆ ಎರಡು ತಿಂಗಳು ಬಿಳಿ ದಾರದ ಉಂಡೆ ಡ್ರಾಯರಿನಿಂದ ಹೊರಬಂತು. ಗೊತ್ತಾಗದ ಬಟ್ಟೆಗೆಲ್ಲ ಅವನು ಬಿಳಿ ಕಟ್ಟಿ ಪಕ್ಕಕ್ಕೆ ಕೊಡುತ್ತಿದ್ದ. ಪಕ್ಕದಲ್ಲಿ ಇನ್ನೊಂದು ಸ್ಟೂಲು ಬಂದಿತ್ತು, ಇವನದಕ್ಕಿಂತ ಎರಡು ಬೆರಳು ಎತ್ತರ. ಕತೆಯನ್ನಂತೂ ಅವನು ಬಿಟ್ಟಿಲ್ಲ. ಕೋಟು ಕೊಡಲು ಬಂದವರಿಗೆ ಒಮ್ಮೆ, ಒಯ್ಯಲು ಬಂದಾಗ ಇನ್ನೊಮ್ಮೆ ಈಗಲೂ ಹೇಳುತ್ತಾನೆ. ಬೂಟ್ ಪಾಲಿಶ್, ಬೆಣ್ಣೆ, ಕಿತ್ತಳೆ, ಮೊಟ್ಟೆ. ಐದನೆಯದಕ್ಕೆ ಬಂದು ನಿಲ್ಲಿಸಿಬಿಡುತ್ತಾನೆ. ಮುಂದೆ ಇನ್ನೆರಡು ಇತ್ತಲ್ಲ ಎಂದು ಹಳೆಯ ಗಿರಾಕಿ ಯಾರಾದರೂ ಕೇಳಿದರೆ, “ಇಲ್ಲ ಸ್ವಾಮಿ, ಅಲ್ಲಿಗೇ ಪಾಸಾಗಿದ್ದೆ,” ಅನ್ನುತ್ತಾನೆ.